ಮಳೆ ಬಿಟ್ಟ ಮೇಲೆ ನಾಟಕ

ರಂಗಮಂದಿರ ಇರುವ ಊರುಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ನಾಟಕದ ಹಂಗಾಮು ಇರುವ ಊರುಗಳು ಕಡಿಮೆ. ಸಾಗರ ತಾಲ್ಲೂಕಿನ ಹೆಗ್ಗೋಡು ಈ ಎರಡನ್ನೂ ಹೇಗೆ ಹೊಂದಿಸಿಕೊಂಡಿತು?

ನಮ್ಮ ಜಿಲ್ಲಾ ಕೇಂದ್ರಗಳ ರಂಗಮಂದಿರಗಳು ಹೇಗಿರುತ್ತವೆಂದು ಎಲ್ಲರಿಗೂ ಗೊತ್ತು. ಹೆಬ್ಬಾಗಿಲ ಮೇಲೆ ದೊಡ್ಡ ಕವಿಯೊಬ್ಬರ ಹೆಸರು, ಒಳಗೆ ಸಾಲುಸಾಲು ಕುರ್ಚಿ, ಎದುರಿಗೆ ಅಗಲವಾದ ವೇದಿಕೆ. ವರ್ಷಪೂರ್ತಿ ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ: ಜಯಂತಿಗಳು, ಸನ್ಮಾನಗಳು, ಶಾಲೆಯ ವಾರ್ಷಿಕೋತ್ಸವ, ಇಲಾಖೆಯ ಕಾರ್ಯಾಗಾರ, ಭರತನಾಟ್ಯದ ರಂಗಪ್ರವೇಶ. ನಾಟಕವೂ ಆಗುವುದುಂಟು, ಯಾರಾದರೂ ಬಾಡಿಗೆ ಕಟ್ಟಿದರೆ. ಆದರೆ ಮುಂದಿನ ನಾಟಕ ಯಾವತ್ತು ಎಂದು ಆ ಊರಿನ ಯಾರನ್ನಾದರೂ ಕೇಳಿ ನೋಡಿ. ಕಾವಲುಗಾರನಿಗೂ ಗೊತ್ತಿರುವುದಿಲ್ಲ, ಊರಿನ ಮೇಷ್ಟರಿಗೂ ಗೊತ್ತಿರುವುದಿಲ್ಲ.

ಹೆಗ್ಗೋಡಿನಲ್ಲಿ ಇದೇ ಪ್ರಶ್ನೆಗೆ ಅಡಿಕೆ ಸುಲಿಯುತ್ತ ಕೂತವರೂ ಉತ್ತರ ಹೇಳಬಲ್ಲರು. ಸಾಗರದಿಂದ ಹತ್ತು ಕಿಲೋಮೀಟರಿಗೂ ಕಡಿಮೆ ದೂರದ ಈ ಹಳ್ಳಿಯಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಿಂದ ಇದೆ. ಪ್ರತಿವರ್ಷ ಮಳೆಗಾಲ ಮುಗಿದು ದಸರೆಯ ಆಸುಪಾಸು ಬಂತೆಂದರೆ ಅಲ್ಲಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಹೊಸ ನಾಟಕಗಳು ತೆರೆ ಕಾಣುತ್ತವೆ. ಅಲ್ಲಿಂದಾಚೆ ಅವೇ ನಾಟಕಗಳು ಬಸ್ಸು ಹತ್ತಿ ರಾಜ್ಯ ಸುತ್ತುತ್ತವೆ. ಇದನ್ನು ಹೊಗಳಿ ಬರೆದವರು ಬಹಳ ಜನ ಇದ್ದಾರೆ. ಹೊಗಳಿಕೆಯನ್ನು ಬದಿಗಿಟ್ಟು, ಈ ವ್ಯವಸ್ಥೆ ನಿಜಕ್ಕೂ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವುದು ಉಳಿದ ಊರುಗಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಅದರ ಗುಟ್ಟು ಕಟ್ಟಡದಲ್ಲಿಲ್ಲ, ಒಬ್ಬಿಬ್ಬರ ಪ್ರತಿಭೆಯಲ್ಲೂ ಪೂರ್ತಿಯಾಗಿ ಇಲ್ಲ. ಅದಿರುವುದು ಕ್ಯಾಲೆಂಡರಿನಲ್ಲಿ.

ಅಕ್ಟೋಬರೇ ಏಕೆ?

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಹೊತ್ತು ಜನ ಸೇರಿಸುವುದು ಸುಲಭದ ಮಾತಲ್ಲ. ದಾರಿ ಕೆಸರು, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ತೋಟದವರಿಗೆ ಕೊಳೆರೋಗದ ಚಿಂತೆ, ಬೋರ್ಡೋ ಔಷಧಿ ಹೊಡೆಸುವ ಧಾವಂತ. ಮಳೆ ಹಿಂದೆ ಸರಿದ ಮೇಲೆ ಒಂದು ಬಿಡುವು ಸಿಗುತ್ತದೆ. ಅಡಿಕೆಯ ಕೊನೆ ಕೊಯ್ಲು ಬಿರುಸಾಗುವ ಮೊದಲಿನ ಆ ಬಿಡುವಿನಲ್ಲೇ ನಾಡಿನ ಪ್ರದರ್ಶನ ಕಲೆಗಳೆಲ್ಲ ಗೆಜ್ಜೆ ಕಟ್ಟಲು ಸಿದ್ಧವಾಗುತ್ತವೆ.

ಈ ಲೆಕ್ಕ ನೀನಾಸಮ್‌ನವರು ಹೊಸದಾಗಿ ಕಂಡುಹಿಡಿದದ್ದಲ್ಲ. ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿ ಕಳೆಯುತ್ತಿದ್ದಂತೆ ಹೊರಟು, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಡೇರೆ ಕಿತ್ತು ಹೂಡುತ್ತವೆ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿ ಬಳಿಯ ಬನಶಂಕರಿಯಲ್ಲಿ ಹಲವು ಕಂಪನಿಗಳು ಒಟ್ಟೊಟ್ಟಿಗೆ ಬೀಡು ಬಿಟ್ಟಿರುತ್ತವೆ. ಎರಡು ವರ್ಷಕ್ಕೊಮ್ಮೆ ಶಿರಸಿಯ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ ಬಂದಾಗ ನಾಟಕದ ಡೇರೆ ನೋಡದೆ ಮನೆಗೆ ಮರಳಿದವರು ಅಪರೂಪ. ಅಂದರೆ ಕನ್ನಡ ನಾಡಿನ ಪ್ರೇಕ್ಷಕನಿಗೆ ಹಂಗಾಮಿನ ರೂಢಿ ಮೊದಲಿನಿಂದ ಇತ್ತು. ಆಧುನಿಕ ರಂಗಭೂಮಿ ನಗರಗಳಿಗೆ ಹೋಗಿ ಶನಿವಾರ, ಭಾನುವಾರದ ಸಂಜೆಗೆ ಹೊಂದಿಕೊಂಡಾಗ ಆ ರೂಢಿಯ ಕೈಬಿಟ್ಟಿತು. ಹೆಗ್ಗೋಡು ಬ್ರೆಕ್ಟ್, ಶೇಕ್ಸ್‌ಪಿಯರ್, ಚೆಕಾಫರನ್ನು ಹಿಡಿದುಕೊಂಡೇ ಹಳೆಯ ರೂಢಿಗೆ ಮರಳಿತು.

ಹಾಗೆ ಮರಳಿದ್ದರಿಂದ ಮಳೆಗಾಲಕ್ಕೂ ಒಂದು ಕೆಲಸ ಸಿಕ್ಕಿತು. ಹೊರಗೆ ಹೋಗಲಾಗದ ತಿಂಗಳುಗಳು ತಾಲೀಮಿಗೆ ಹೇಳಿ ಮಾಡಿಸಿದ ತಿಂಗಳುಗಳು. ತಂಡಕ್ಕೆ ನಟರ ಆಯ್ಕೆ, ಪಠ್ಯದ ಓದು, ಹಾಡುಗಳ ಅಭ್ಯಾಸ, ರಂಗಸಜ್ಜಿಕೆಯ ಮರಗೆಲಸ, ಬಟ್ಟೆ ಹೊಲಿಗೆ ಎಲ್ಲವೂ ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗಲೇ ಮುಗಿಯಬೇಕು. ಅಕ್ಟೋಬರಿನ ತಾರೀಕು ಮೊದಲೇ ನಿಂತಿರುತ್ತದೆ. ನಾಟಕ ಸಿದ್ಧವಾದ ಮೇಲೆ ದಿನ ಗೊತ್ತುಮಾಡುವುದು ಹವ್ಯಾಸಿ ತಂಡಗಳ ಪದ್ಧತಿ. ಇಲ್ಲಿ ದಿನ ಗೊತ್ತಾಗಿರುವುದರಿಂದಲೇ ನಾಟಕ ಸಿದ್ಧವಾಗುತ್ತದೆ.

ಮೊದಲು ಕೂಟ, ಆಮೇಲೆ ಕಟ್ಟಡ

ಸಂಘದ ಇತಿಹಾಸವನ್ನು ಇಸವಿಗಳ ಕ್ರಮದಲ್ಲಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಂಘ ಹುಟ್ಟಿದ್ದು 1949ರಲ್ಲಿ, ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ ಇಪ್ಪತ್ಮೂರು ವರ್ಷ. ಅಷ್ಟೂ ಕಾಲ ಊರಿನ ಹವ್ಯಾಸಿಗಳು ನಾಟಕ ಆಡಿದರು, ಊರಿನವರು ನೋಡಿದರು, ಚೆನ್ನಾಗಿಲ್ಲದಾಗ ಚೆನ್ನಾಗಿಲ್ಲ ಎಂದರು. ಕಟ್ಟಡ ಬರುವ ಹೊತ್ತಿಗೆ ಅದರೊಳಗೆ ಕೂರುವವರು ತಯಾರಾಗಿದ್ದರು.

ಈ ಕೆಲಸದ ನಡುವಿನಲ್ಲಿದ್ದವರು ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು, ಓದು ಮುಗಿಸಿ ಅಡಿಕೆ ತೋಟಕ್ಕೆ ಮರಳಿದರು. ಓದಿದವರು ಪೇಟೆಯಲ್ಲೇ ಉಳಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ತೀರ್ಮಾನವಾಗಿರಲಿಲ್ಲ. ಊರಿನಲ್ಲೇ ಕೂತು ಅಕ್ಷರ ಪ್ರಕಾಶನ ನಡೆಸಿದರು, ಬ್ರೆಕ್ಟ್‌ನ ನಾಟಕಗಳನ್ನು ಕನ್ನಡಕ್ಕೆ ತಂದರು, ಕಾಳಿದಾಸನ ಶಾಕುಂತಲವನ್ನು ತಮ್ಮದೇ ರೀತಿಯಲ್ಲಿ ‘ಲೋಕಶಾಕುಂತಲ’ವಾಗಿ ಕಟ್ಟಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಹಂಗಾಮು ನಿಲ್ಲಲಿಲ್ಲ. ಒಂದು ಸಂಸ್ಥೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ರಂಗಮಂದಿರ ಆದ ಮರುವರ್ಷವೇ, 1973ರಲ್ಲಿ, ನೀನಾಸಮ್ ಚಿತ್ರಸಮಾಜ ಶುರುವಾಯಿತು. ನಾಟಕವಿಲ್ಲದ ದಿನಗಳಲ್ಲಿ ಅದೇ ಊರಿನ ಜನ ಸತ್ಯಜಿತ್ ರಾಯ್, ಕುರೊಸಾವ, ಡಿ ಸಿಕಾರ ಸಿನಿಮಾಗಳನ್ನು ನೋಡಿದರು. ಪೇಟೆಯ ವಿದ್ಯಾವಂತರೂ ಅಪರೂಪಕ್ಕೆ ನೋಡುತ್ತಿದ್ದ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ನೋಡಿ ಚರ್ಚಿಸಿದ್ದು ಆಗ ದೇಶದಾದ್ಯಂತ ಸುದ್ದಿಯಾಯಿತು. ಸುದ್ದಿಗಿಂತ ಮುಖ್ಯವಾದದ್ದು ಬೇರೆ ಇದೆ. ಒಳ್ಳೆಯದನ್ನು ಪದೇಪದೇ ನೋಡುವ ಅವಕಾಶ ಸಿಕ್ಕಿದರೆ ನೋಟ ತಾನಾಗಿ ಹರಿತವಾಗುತ್ತದೆ, ಅದಕ್ಕೆ ಪದವಿ ಬೇಡ. ಈ ನಂಬಿಕೆಯ ಮೇಲೆ ಮುಂದಿನದೆಲ್ಲ ನಿಂತಿತು.

1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ರಾಜ್ಯದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬಂದು ಅಲ್ಲೇ ಉಳಿದು ನಟನೆ, ಸಂಗೀತ, ರಂಗಸಜ್ಜಿಕೆ, ಬೆಳಕು, ನಾಟಕದ ಚರಿತ್ರೆ ಕಲಿಯತೊಡಗಿದರು. ಕೆಲವೇ ವರ್ಷಗಳಲ್ಲಿ ಒಂದು ಪ್ರಾಯೋಗಿಕ ಪ್ರಶ್ನೆ ಎದ್ದಿತು. ಕಲಿತು ಹೊರಬಂದವರು ಎಲ್ಲಿಗೆ ಹೋಗಬೇಕು? ವೃತ್ತಿ ಕಂಪನಿಗಳನ್ನು ಬಿಟ್ಟರೆ ಸಂಬಳ ಕೊಡುವ ನಾಟಕ ತಂಡಗಳು ಕನ್ನಡದಲ್ಲಿ ಆಗ ಇರಲಿಲ್ಲವೆಂದೇ ಹೇಳಬೇಕು. ಮೈಸೂರಿನ ರಂಗಾಯಣ ಹುಟ್ಟಲು ಇನ್ನೂ ಕೆಲ ವರ್ಷ ಬಾಕಿ ಇತ್ತು, ಅದು ಆರಂಭವಾದದ್ದು 1989ರಲ್ಲಿ. ಜೊತೆಗೆ ಇನ್ನೊಂದು ಪ್ರಶ್ನೆ: ಹೆಗ್ಗೋಡಿಗೆ ಬರಲಾಗದ ಊರುಗಳಿಗೆ ನಾಟಕ ತಲುಪುವುದು ಹೇಗೆ? 1985ರಲ್ಲಿ ಶುರುವಾದ, ನಾಟಕಗಳನ್ನು ಊರೂರಿಗೆ ಒಯ್ಯುವ ‘ತಿರುಗಾಟ’ ತಂಡ ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರವಾಯಿತು.

ಅಡಿಕೆ ಸಸಿ ನೆಟ್ಟವರು ಮರುವರ್ಷವೇ ಕೊನೆ ಕೇಳುವುದಿಲ್ಲ. ಪ್ರೇಕ್ಷಕ, ತಂಡ, ಕಟ್ಟಡ, ಶಾಲೆ, ತಿರುಗಾಟ ಎಂಬ ಈ ಸರಣಿಗೆ ಮೂರೂವರೆ ದಶಕ ಹಿಡಿಯಿತು. ನಾವು ಸಾಮಾನ್ಯವಾಗಿ ಇದನ್ನು ಹಿಂದುಮುಂದಾಗಿ ಮಾಡುತ್ತೇವೆ. ಮೊದಲು ಕಟ್ಟಡಕ್ಕೆ ಅನುದಾನ, ಉದ್ಘಾಟನೆ, ಆಮೇಲೆ ಜನ ಬರುವುದಿಲ್ಲ ಎಂಬ ಗೊಣಗಾಟ.

ಹಂಗಾಮು ತೆರೆಯುವ ವಾರ

ಹೊಸ ನಾಟಕಗಳ ಮೊದಲ ಪ್ರಯೋಗ ನಡೆಯುವುದು ಅಕ್ಟೋಬರಿನ ಸಂಸ್ಕೃತಿ ಶಿಬಿರದ ಸಂಜೆಗಳಲ್ಲಿ. ರಾಜ್ಯದ ನಾನಾ ಕಡೆಯಿಂದ ಶಿಬಿರಾರ್ಥಿಗಳು ಬರುತ್ತಾರೆ: ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳು, ಬ್ಯಾಂಕಿನವರು, ಸಾಫ್ಟ್‌ವೇರಿನವರು, ಗೃಹಿಣಿಯರು, ನಿವೃತ್ತರು. ಹಗಲು ಸಾಹಿತ್ಯ, ಸಮಾಜ, ಸಂಗೀತ, ಸಿನಿಮಾ ಕುರಿತು ಉಪನ್ಯಾಸ, ಮಾತುಕತೆ. ಯು.ಆರ್. ಅನಂತಮೂರ್ತಿಯವರು ಬಹಳ ವರ್ಷ ಈ ಮಾತುಕತೆಗಳ ನಡುವಿದ್ದರು. ಸಂಜೆಯಾಗುತ್ತಿದ್ದಂತೆ ಶಿಬಿರದ ಗಡಿ ಅಳಿಸಿಹೋಗುತ್ತದೆ. ಸುತ್ತಲ ಹಳ್ಳಿಗಳಿಂದ ಸಂಸಾರ ಸಮೇತ ಜನ ಬರುತ್ತಾರೆ. ಸ್ಕೂಟರು, ಜೀಪು, ಓಮ್ನಿಗಳು ರಸ್ತೆ ಬದಿಯಲ್ಲಿ ಸಾಲುಗಟ್ಟುತ್ತವೆ. ದೂರದಿಂದ ಬಂದ ವಿಮರ್ಶಕರೂ ಪಕ್ಕದ ಊರಿನ ಅಜ್ಜಿಯೂ ಒಂದೇ ಸಾಲಿನಲ್ಲಿ ಕೂತು ಒಂದೇ ನಾಟಕ ನೋಡುತ್ತಾರೆ.

ಈ ವಾರದ ನಿಜವಾದ ವಿಶೇಷ ಕಾಣುವುದು ಮರುದಿನ ಬೆಳಗ್ಗೆ. ಹಿಂದಿನ ರಾತ್ರಿಯ ನಾಟಕದ ಬಗ್ಗೆ ಎಲ್ಲರೂ ಸೇರಿ ಮಾತಾಡುತ್ತಾರೆ. ಪ್ರಶ್ನೆಗಳು ಮೆತ್ತಗಿರುವುದಿಲ್ಲ. ಎರಡನೆಯ ಅಂಕ ಏಕೆ ಎಳೆಯಿತು, ಆ ಹಾಡು ಅಲ್ಲಿ ಬೇಕಿತ್ತೇ, ಹಳೆಯ ಕಥೆಯ ಆ ಹೆಣ್ಣಿಗೆ ಈ ನಾಟಕ ನ್ಯಾಯ ಒದಗಿಸಿತೇ ಎಂದು ಕೇಳುವವರಿರುತ್ತಾರೆ. ಅದಕ್ಕೆ ಎದುರುತ್ತರ ಕೊಡುವ ಇನ್ನೊಬ್ಬ ಪ್ರೇಕ್ಷಕರೂ ಇರುತ್ತಾರೆ. ಚಪ್ಪಾಳೆ ತಟ್ಟಿ ಎದ್ದುಹೋಗುವುದು ಶಿಷ್ಟಾಚಾರ ಆಗಿರುವ ಸಭಾಂಗಣಗಳಲ್ಲಿ ಈ ಕೆಲಸ ನಡೆಯುವುದಿಲ್ಲ. ನೋಡಿದ್ದನ್ನು ಮಾತಿಗೆ ತರಬೇಕು ಎಂಬ ನಿರೀಕ್ಷೆ ಇದ್ದಾಗ ನೋಡುವ ಗಮನವೇ ಬೇರೆಯಾಗುತ್ತದೆ. ತಂಡಕ್ಕೂ ಇದರಿಂದ ನೇರ ಪ್ರಯೋಜನವಿದೆ. ಊರೂರು ಸುತ್ತುವ ಮೊದಲೇ ಯಾವ ದೃಶ್ಯ ಜನಕ್ಕೆ ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ತಿಳಿದುಬಿಡುತ್ತದೆ.

ನಾಟಕಗಳ ಆಯ್ಕೆಯಲ್ಲೂ ಒಂದು ಲೆಕ್ಕಾಚಾರವಿದೆ. ಹಿಂದೆ ವರ್ಷಕ್ಕೆ ಮೂರು ನಾಟಕಗಳಿರುತ್ತಿದ್ದವು, ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಎರಡು. ಎರಡೂ ಒಂದೇ ಬಗೆಯವಾಗದಂತೆ ನೋಡಿಕೊಳ್ಳುತ್ತಾರೆ. ಒಂದು ಸಂಸ್ಕೃತ ಅಥವಾ ಹಳಗನ್ನಡದ ಕಡೆಯಿಂದ ಬಂದರೆ ಇನ್ನೊಂದು ಹೊರದೇಶದ್ದು ಅಥವಾ ಇವತ್ತಿನದು. ಒಂದರಲ್ಲಿ ಹಾಡು, ಕುಣಿತ ಮುಂದಿದ್ದರೆ ಇನ್ನೊಂದರಲ್ಲಿ ಮಾತು ಮುಂದಿರುತ್ತದೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ತಿರುಗಾಟಕ್ಕೆ ಮಾಡಿಸಿದಾಗ, ಓದುವ ಗೀತನಾಟಕವೆಂದು ಮೂಲೆಗಿಟ್ಟಿದ್ದ ಕೃತಿಯೊಂದು ಸಾಮಾನ್ಯ ಪ್ರೇಕ್ಷಕರ ಎದುರಿಗೆ ಬಂದು ನಿಂತಿತು. ಕಾರಂತ, ಪ್ರಸನ್ನ, ಚಿದಂಬರರಾವ್ ಜಂಬೆ, ಕೆ.ವಿ. ಅಕ್ಷರ ಮುಂತಾದವರ ಬೇರೆ ಬೇರೆ ಶೈಲಿಗಳನ್ನು ಒಂದೇ ಊರಿನ ಜನ ವರ್ಷ ವರ್ಷವೂ ನೋಡುತ್ತ ಬಂದಿದ್ದಾರೆ. ನಾಟಕವೆಂದರೆ ಹೀಗೇ ಇರಬೇಕು ಎಂಬ ಹಟ ಅಲ್ಲಿ ಕಡಿಮೆಯಾಗಿರುವುದಕ್ಕೆ ಇದೂ ಒಂದು ಕಾರಣ.

ಬಸ್ಸಿನಲ್ಲಿ ಹಿಡಿಸುವಷ್ಟು

ಹೆಗ್ಗೋಡಿನ ವೇದಿಕೆ ಬಿಟ್ಟ ಮೇಲೆ ನಾಟಕ ಎಲ್ಲಿ ಆಡಬೇಕಾಗುತ್ತದೆ ಎಂಬುದಕ್ಕೆ ಒಂದು ಅಳತೆ ಇಲ್ಲ. ಇವತ್ತು ಜಿಲ್ಲಾ ರಂಗಮಂದಿರ, ನಾಳೆ ಹೈಸ್ಕೂಲು ಮೈದಾನದಲ್ಲಿ ಕಟ್ಟಿದ ಅಟ್ಟ, ನಾಡಿದ್ದು ದೇವಸ್ಥಾನದ ಅಂಗಳ, ಅದರಾಚೆ ಕಾಲೇಜಿನ ಸಭಾಭವನ. ಮೇಲಿನಿಂದ ಪರದೆ ಇಳಿಬಿಡಲು ತೊಲೆ ಇರುತ್ತದೆಂಬ ಭರವಸೆ ಇಲ್ಲ. ಪಕ್ಕದ ವಿಂಗುಗಳು ಇರಬಹುದು, ಇಲ್ಲದಿರಬಹುದು. ಆದ್ದರಿಂದ ತಿರುಗಾಟದ ನಾಟಕವನ್ನು ಮೊದಲ ದಿನದಿಂದಲೇ ಕೆಟ್ಟ ವೇದಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಬೇಕಾಗುತ್ತದೆ.

ಇದರ ಪರಿಣಾಮ ನಾಟಕದ ಶೈಲಿಯ ಮೇಲೇ ಆಗಿದೆ. ರಂಗಸಜ್ಜಿಕೆ ಬಿಚ್ಚಿ ಮಡಿಸಿ ಬಸ್ಸಿನಲ್ಲೋ ಅದರ ನೆತ್ತಿಯ ಮೇಲೋ ಏರಿಸುವಂತಿರಬೇಕು. ಒಂದೇ ಮಂಚ, ಒಂದೇ ಏಣಿ, ನಾಲ್ಕು ಬಿದಿರು, ಒಂದಿಷ್ಟು ಬಟ್ಟೆ ಅರಮನೆಯೂ ಆಗಬೇಕು, ಕಾಡೂ ಆಗಬೇಕು. ಉಳಿದದ್ದನ್ನು ನಟರ ಮೈ, ದನಿ ಮತ್ತು ಮೇಳದ ಹಾಡು ತುಂಬಬೇಕು. ಮೈಕು ನೆಚ್ಚಿಕೊಳ್ಳದೆ ಕೊನೆಯ ಸಾಲಿಗೂ ಮಾತು ಮುಟ್ಟಿಸುವುದು ಅಭ್ಯಾಸವಾಗಬೇಕು. ಕನ್ನಡದ ಆಧುನಿಕ ರಂಗಭೂಮಿಯಲ್ಲಿ ಸರಳ ಸಜ್ಜಿಕೆ ಮತ್ತು ಮೇಳದ ಹಾಡು ಇಷ್ಟು ಬಳಕೆಗೆ ಬಂದದ್ದಕ್ಕೆ ಸೌಂದರ್ಯದ ಕಾರಣಗಳನ್ನು ಹೇಳುವವರಿದ್ದಾರೆ. ಸಾಗಾಟದ ಕಾರಣವೂ ಅಷ್ಟೇ ಬಲವಾದದ್ದು.

ತಂಡವೆಂದರೆ ಸುಮಾರು ಹದಿನೈದು ಇಪ್ಪತ್ತು ಮಂದಿ, ಹೆಚ್ಚಿನವರು ಶಿಕ್ಷಣ ಕೇಂದ್ರದಲ್ಲಿ ಕಲಿತವರು. ಇವತ್ತಿನ ನಾಟಕದಲ್ಲಿ ರಾಜನಾದವನು ನಾಳೆಯ ನಾಟಕದಲ್ಲಿ ಬಾಗಿಲು ಕಾಯುತ್ತಾನೆ. ನಾಯಕಿ ಆಗಿದ್ದವಳು ಹಾರ್ಮೋನಿಯಂ ಪಕ್ಕ ಕೂತು ಹಾಡುತ್ತಾಳೆ. ಊರು ಮುಟ್ಟಿದ ಕೂಡಲೇ ಸಾಮಾನು ಇಳಿಸುವವರೂ ಇವರೇ, ಸಜ್ಜಿಕೆ ನಿಲ್ಲಿಸುವವರೂ ಇವರೇ. ಮಧ್ಯಾಹ್ನದೊಳಗೆ ದೀಪಗಳನ್ನು ಕಟ್ಟಿ, ಡಿಮ್ಮರ್ ಜೋಡಿಸಿ, ಕರೆಂಟಿನ ಭಾರ ತಾಳುತ್ತದೆಯೇ ನೋಡಿಕೊಂಡು, ಒಂದು ಗಳಿಗೆ ಕಣ್ಣುಮುಚ್ಚಿ, ಸಂಜೆಗೆ ಬಣ್ಣ ಹಚ್ಚಲು ಕೂರುತ್ತಾರೆ. ನಾಟಕ ಮುಗಿದ ಮೇಲೆ ಬಣ್ಣ ತೆಗೆದು, ಸಜ್ಜಿಕೆ ಬಿಚ್ಚಿ, ಬಸ್ಸಿಗೆ ಏರಿಸಿ, ಆಮೇಲೆ ಊಟ. ನಾಲ್ಕು ತಿಂಗಳ ಹಂಗಾಮಿನಲ್ಲಿ ನೂರಕ್ಕೂ ಹೆಚ್ಚು ಪ್ರದರ್ಶನ ಕೊಡುವ ನಟನಿಗೆ ನಗರದ ಹವ್ಯಾಸಿ ನಟನಿಗೆ ಸಿಗದ ಒಂದು ಪಾಠ ಸಿಗುತ್ತದೆ. ಐದನೆಯ ಪ್ರದರ್ಶನದಲ್ಲಿ ನಕ್ಕ ಜಾಗದಲ್ಲಿ ಐವತ್ತನೆಯದರಲ್ಲಿ ಜನ ನಗದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಪಾಠ ಅದು. ಅಚ್ಯುತ್ ಕುಮಾರ್, ಸತೀಶ್ ನೀನಾಸಮ್ ಅವರಂಥ ನಟರು ಸಿನಿಮಾದಲ್ಲಿ ಹೆಸರು ಮಾಡಿದಾಗ ಅವರು ಕಲಿತ ಹಳ್ಳಿಯ ಹೆಸರೂ ಜನರ ಬಾಯಲ್ಲಿ ಬಂತು.

ಕರೆಸುವ ಊರಿನ ಪಾಡು

ತಿರುಗಾಟದ ಅರ್ಧ ಭಾಗ ಹೆಗ್ಗೋಡಿನಲ್ಲಿದ್ದರೆ ಉಳಿದರ್ಧ ಇರುವುದು ಅದನ್ನು ಕರೆಸಿಕೊಳ್ಳುವ ಊರುಗಳಲ್ಲಿ. ಒಂದು ಪ್ರದರ್ಶನಕ್ಕೆ ಇಷ್ಟು ಎಂದು ಸಂಭಾವನೆ ಗೊತ್ತುಮಾಡಿರುತ್ತಾರೆ. ಕರೆಸುವವರು ಆ ಹಣ ಹೊಂದಿಸಬೇಕು, ವೇದಿಕೆ ತೋರಿಸಬೇಕು, ತಂಡಕ್ಕೆ ಊಟ, ವಸತಿ ನೋಡಿಕೊಳ್ಳಬೇಕು, ಜನ ಸೇರಿಸಬೇಕು. ಈ ಕೆಲಸ ಹೊತ್ತುಕೊಳ್ಳುವವರು ಯಾರೆಂದರೆ ಊರಿನ ಕನ್ನಡ ಮೇಷ್ಟರು, ಔಷಧಿ ಅಂಗಡಿಯವರು, ವಕೀಲರು, ಸಹಕಾರಿ ಸಂಘದ ಗುಮಾಸ್ತರು, ಒಬ್ಬಿಬ್ಬರು ಉತ್ಸಾಹಿ ಹುಡುಗರು. ಉಡುಪಿಯ ರಥಬೀದಿ ಗೆಳೆಯರು ತರಹದ ಬಳಗಗಳು ವರ್ಷಗಳ ಕಾಲ ಇಂಥ ಕೆಲಸ ಮಾಡಿಕೊಂಡು ಬಂದಿವೆ.

ಹಣ ಹೊಂದಿಸುವ ದಾರಿಗಳು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ರಸೀದಿ ಪುಸ್ತಕ ಹಿಡಿದು ಅಂಗಡಿ ಸಾಲು ಸುತ್ತುವುದು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಜಾಹೀರಾತು ಹಾಕುವುದು, ಟಿಕೆಟು ಮಾರುವುದು. ಟಿಕೆಟು ಇಡಬೇಕೇ, ಬೇಡವೇ ಎಂಬುದು ಪ್ರತಿ ಸಭೆಯಲ್ಲೂ ಏಳುವ ಜಗಳ. ಪುಕ್ಕಟೆ ಮಾಡಿದರೆ ಜನ ಬರುತ್ತಾರೆ ಎಂದು ಕೆಲವರು, ಪುಕ್ಕಟೆ ಬಂದವರು ಮಧ್ಯದಲ್ಲಿ ಎದ್ದುಹೋಗುತ್ತಾರೆ ಎಂದು ಉಳಿದವರು. ಎರಡನೆಯ ಮಾತಿನಲ್ಲಿ ಹುರುಳಿದೆ. ಸಣ್ಣ ಮೊತ್ತವಾದರೂ ಕೊಟ್ಟು ಬಂದವರಿಗೆ ನಾಟಕವನ್ನು ಟೀಕಿಸುವ ಹಕ್ಕು ತಮ್ಮದೆನಿಸುತ್ತದೆ, ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ತನ್ನಿ ಎಂದು ಕೇಳುವ ಧೈರ್ಯವೂ ಬರುತ್ತದೆ.

ಕರೆಸುವ ಊರುಗಳು ಸಾಮಾನ್ಯವಾಗಿ ಎರಡೂ ನಾಟಕಗಳನ್ನು ಸಾಲಾಗಿ ಎರಡು ದಿನ ಆಡಿಸುತ್ತವೆ. ಇದರ ಹಿಂದೆ ಖರ್ಚಿನ ಲೆಕ್ಕವಿದೆ: ಬಸ್ಸು ಬಂದದ್ದೇ ಬಂತು, ಸಜ್ಜಿಕೆ ಇಳಿದದ್ದೇ ಇಳಿಯಿತು. ಆದರೆ ಲೆಕ್ಕಕ್ಕೆ ಸಿಗದ ಲಾಭ ಇನ್ನೊಂದಿದೆ. ಮೊದಲ ದಿನ ನೋಡಿದವರು ಎರಡನೆಯ ದಿನ ನೆರೆಮನೆಯವರನ್ನು ಕರೆತರುತ್ತಾರೆ. ಮೊದಲ ರಾತ್ರಿಯ ಖಾಲಿ ಕುರ್ಚಿಗಳು ಎರಡನೆಯ ರಾತ್ರಿ ತುಂಬುವುದು ಇಂಥ ಬಾಯಿಮಾತಿನಿಂದ. ಬ್ಯಾನರ್ ಎಷ್ಟು ದೊಡ್ಡದಿದ್ದರೂ ಆ ಕೆಲಸ ಮಾಡುವುದಿಲ್ಲ.

ಬೇರೆ ದಾರಿ, ಅದೇ ಪಂಚಾಂಗ

ಹೆಗ್ಗೋಡಿನ ಮಾದರಿ ತೋಟಗಾರರ, ಓದುಬರಹ ಬಲ್ಲ ಊರಿಗೆ ಮಾತ್ರ ಸಾಧ್ಯ ಎಂಬ ಮಾತೊಂದಿದೆ. ಇದಕ್ಕೆ ಎದುರಾಗಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ಇಡಬಹುದು. ಅದು ಬಯಲುಸೀಮೆ, ಹಿಂದೆ ನಿಂತಿರುವುದು ಮಠ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಆಸಕ್ತಿಯಿಂದ 1997ರಲ್ಲಿ ಶುರುವಾದ ‘ಶಿವಸಂಚಾರ’ವೂ ಪ್ರತಿವರ್ಷ ಹೊಸ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತದೆ. ಅಲ್ಲಿಯೂ ನವೆಂಬರಿನ ಮೊದಲ ದಿನಗಳಲ್ಲಿ ನಾಟಕೋತ್ಸವ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರದ ತುಂಬ ಸುತ್ತಲ ಹಳ್ಳಿಗಳ ಜನ. ಹಣದ ಮೂಲ ಬೇರೆ, ಮಣ್ಣು ಬೇರೆ, ನಂಬಿಕೆಯೂ ಬೇರೆ. ದಿನ ಮೊದಲೇ ನಿಂತಿರುವುದು, ಹೊಸ ನಾಟಕ ಊರಿನಲ್ಲಿ ಮೊದಲು ಆಡಿ ಆಮೇಲೆ ಹೊರಡುವುದು, ವರ್ಷ ತಪ್ಪದಿರುವುದು ಮಾತ್ರ ಒಂದೇ.

ನಗರದಲ್ಲೂ ಇದೇ ತತ್ವ ಬೇರೆ ವೇಷದಲ್ಲಿ ಕೆಲಸ ಮಾಡಿದೆ. ಬೆಂಗಳೂರಿನ ರಂಗಶಂಕರ 2004ರಲ್ಲಿ ಬಾಗಿಲು ತೆರೆದಾಗ ನಾಟಕಕ್ಕಷ್ಟೇ ಮೀಸಲಾದ ಜಾಗವಾಗಿ, ದಿನವೂ ಪ್ರದರ್ಶನ ಇರಬೇಕೆಂಬ ಹಟದಿಂದ ಶುರುವಾಯಿತು. ಹೊತ್ತು ಮೀರಿ ಬಂದವರಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಮೊದಮೊದಲು ಗೊಣಗಿದವರೇ ಆಮೇಲೆ ಹತ್ತು ನಿಮಿಷ ಮೊದಲು ಬಂದು ಕೂರತೊಡಗಿದರು. ಯಾವತ್ತು ಹೋದರೂ ಅಲ್ಲೊಂದು ನಾಟಕ ಇರುತ್ತದೆ ಎಂಬ ಖಾತ್ರಿ ನಗರಕ್ಕೆ ಬೇಕು. ಹಳ್ಳಿಗೆ ಬೇಕಾದದ್ದು ವರ್ಷದ ಈ ಹೊತ್ತಿಗೆ ನಾಟಕ ಬಂದೇ ಬರುತ್ತದೆ ಎಂಬ ಖಾತ್ರಿ.

ಸರ್ಕಾರವೂ ಸುಮ್ಮನೆ ಕೂತಿಲ್ಲ. ಮೈಸೂರಿನ ನಂತರ ಧಾರವಾಡ, ಶಿವಮೊಗ್ಗ, ಕಲಬುರಗಿಗಳಿಗೂ ರಂಗಾಯಣ ಬಂತು. ಆದರೆ ತಂಡವೊಂದು ಸರ್ಕಾರದ ವೇತನದಲ್ಲಿ ಇರುವುದಕ್ಕೂ ಊರೊಂದು ಆ ತಂಡವನ್ನು ತನ್ನದೆಂದು ಕಾಯುವುದಕ್ಕೂ ನಡುವೆ ಅಂತರವಿದೆ. ಅನುದಾನದಿಂದ ನಟರ ಹೊಟ್ಟೆ ತುಂಬುತ್ತದೆ, ನಾಟಕ ತಯಾರಾಗುತ್ತದೆ. ಅದನ್ನು ನೋಡಲೇಬೇಕೆಂದು ಹೊರಡುವ ಜನರನ್ನು ಮಾತ್ರ ಊರೇ ಬೆಳೆಸಿಕೊಳ್ಳಬೇಕು.

ಯಾರ ನಾಟಕ, ಯಾರ ಊರು?

ಈ ಕಥೆಯಲ್ಲಿ ತೊಡಕುಗಳಿಲ್ಲವೆಂದಲ್ಲ. ಹಳ್ಳಿಯ ರಂಗಮಂದಿರವೆಂದ ಮಾತ್ರಕ್ಕೆ ಹಳ್ಳಿಯ ಎಲ್ಲರೂ ಅದರ ಕುರ್ಚಿಯಲ್ಲಿ ಕೂತಿದ್ದಾರೆಂದು ಹೇಳಲಾಗದು. ತೋಟ ಇದ್ದವರಿಗೂ ತೋಟದಲ್ಲಿ ದುಡಿಯುವವರಿಗೂ ಸಂಜೆಯ ಬಿಡುವು ಒಂದೇ ಬಗೆಯದಲ್ಲ. ಹೆಣ್ಣುಮಕ್ಕಳು ರಾತ್ರಿ ಹೊತ್ತು ಹೊರಡುವುದಕ್ಕೆ ಮನೆಯ ಒಪ್ಪಿಗೆ, ಜೊತೆಗಾರರು, ವಾಹನ ಎಲ್ಲವೂ ಕೂಡಿಬರಬೇಕು. ಈ ಪ್ರಶ್ನೆಗಳನ್ನು ಸಂಘದ ಒಳಗಿನವರೂ ಹೊರಗಿನವರೂ ಕೇಳುತ್ತ ಬಂದಿದ್ದಾರೆ. 1980ರ ದಶಕದ ‘ಜನಸ್ಪಂದನ’ ಯೋಜನೆಯಲ್ಲಿ ನಾಟಕ ಮತ್ತು ಸಿನಿಮಾ ಶಿಬಿರಗಳು ಹಳ್ಳಿಗಳಿಗೆ ಹೋದವು. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರೊಂದಿಗೆ ಚಿದಂಬರರಾವ್ ಜಂಬೆಯವರು ಮಾಡಿಸಿದ ‘ಕಪ್ಪು ಜನ ಕೆಂಪು ನೆರಳು’ ಚಿನುವ ಅಚೆಬೆಯ ಕಾದಂಬರಿಯನ್ನು ಆಧರಿಸಿದ ನಾಟಕ. ಆಫ್ರಿಕಾ ಮೂಲದ ಸಮುದಾಯವೊಂದು ಕರ್ನಾಟಕದ ಕಾಡಂಚಿನಲ್ಲಿ ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದ್ದು ಅದರ ಹೆಚ್ಚುಗಾರಿಕೆ. ಆಡುವವರ ಬಳಗ ಹಿಗ್ಗಿದಂತೆ ನೋಡುವವರ ಬಳಗವೂ ಹಿಗ್ಗುತ್ತದೆ ಎಂಬುದಕ್ಕೆ ಆ ಭಾಗದಿಂದ ಮುಂದೆ ಬಂದ ಸಿದ್ದಿ ಕಲಾವಿದರೇ ಸಾಕ್ಷಿ.

ಇವತ್ತಿನ ತೊಡಕುಗಳು ಬೇರೆ ಬಗೆಯವು. ಮಲೆನಾಡಿನ ಮನೆಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಉಳಿದಿರುವುದು ಹಿರಿಯರು. ಕರೆಸುವ ಊರುಗಳ ಬಳಗದಲ್ಲೂ ತಲೆ ನರೆತವರೇ ಹೆಚ್ಚು. ರಸೀದಿ ಪುಸ್ತಕ ಹಿಡಿದು ಹೊರಡುವ ಹೊಸ ಕೈಗಳು ಸಾಲದು. ಕಲಿತ ನಟರನ್ನು ಧಾರಾವಾಹಿಗಳೂ ಸಿನಿಮಾಗಳೂ ಕರೆಯುತ್ತವೆ, ಅಲ್ಲಿನ ಸಂಭಾವನೆಯೊಂದಿಗೆ ತಿರುಗಾಟದ ಸಂಬಳ ಸ್ಪರ್ಧಿಸಲಾರದು. ಅಂಗೈಯ ಫೋನಿನಲ್ಲಿ ಜಗತ್ತಿನ ಯಾವ ಸಿನಿಮಾವನ್ನಾದರೂ ನೋಡಬಹುದಾದ ಕಾಲದಲ್ಲಿ, ಚಿತ್ರಸಮಾಜ ಅಂದು ಮಾಡಿದ ಕೆಲಸಕ್ಕೆ ಈಗ ಅದೇ ತುರ್ತು ಇಲ್ಲ. ಸಿನಿಮಾ ಸಿಗುತ್ತದೆ, ಅದನ್ನು ಒಟ್ಟಿಗೆ ಕೂತು ನೋಡಿ ಮಾತಾಡುವ ಜನ ಸಿಗುವುದಿಲ್ಲ.

ಈ ಕೊನೆಯ ಕೊರತೆಯೇ ನಾಟಕದ ಹಂಗಾಮಿಗೆ ಇವತ್ತಿನ ಬಲವಾದ ಸಮರ್ಥನೆ. ನಾಟಕವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬದಿಗಿಡಲಾಗದು. ಆ ರಾತ್ರಿ, ಆ ಊರಿನಲ್ಲಿ, ಆ ಜನರ ನಡುವೆ ಕೂತರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದೆಲ್ಲವೂ ಯಾವಾಗ ಬೇಕಾದರೂ ಸಿಗುವುದರಿಂದ, ಹೊತ್ತಿಗೆ ಸರಿಯಾಗಿ ಮಾತ್ರ ಸಿಗುವುದಕ್ಕೆ ಬೆಲೆ ಹೆಚ್ಚಿದೆ.

ಹಾಗಾದರೆ ರಂಗಮಂದಿರ ಇದ್ದೂ ನಾಟಕವಿಲ್ಲದ ನಮ್ಮ ಊರುಗಳು ಏನು ಮಾಡಬಹುದು? ಹೆಗ್ಗೋಡನ್ನು ಪೂರ್ತಿ ನಕಲು ಮಾಡುವುದು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಶಾಲೆ ಬೇಡ, ತಂಡವೂ ಬೇಡ. ವರ್ಷಕ್ಕೆ ನಾಲ್ಕು ದಿನ ಗೊತ್ತುಮಾಡಿಕೊಂಡರೆ ಸಾಕು. ಆ ಊರಿನ ಬೆಳೆ, ಪರೀಕ್ಷೆ, ಜಾತ್ರೆ, ಮದುವೆಯ ಮುಹೂರ್ತಗಳನ್ನೆಲ್ಲ ನೋಡಿಕೊಂಡು ಆರಿಸಿದ ದಿನಗಳಾಗಿರಲಿ. ಕಬ್ಬಿನ ಊರಿಗೆ ಒಂದು ಲೆಕ್ಕ, ಭತ್ತದ ಊರಿಗೆ ಇನ್ನೊಂದು, ಕಾಫಿಯ ಊರಿಗೆ ಮತ್ತೊಂದು. ಸುತ್ತುವ ತಂಡಗಳು ಹೇಗೂ ಇವೆ, ಅವುಗಳಲ್ಲಿ ಎರಡನ್ನು ಕರೆಸಿ. ಊರಿನ ಕಾಲೇಜಿನ ಹುಡುಗರಿಂದ ಒಂದು ಮಾಡಿಸಿ. ಮರುದಿನ ಬೆಳಗ್ಗೆ ಒಂದು ತಾಸು ಮಾತಿಗೆ ಬಿಡಿ. ಟಿಕೆಟಿಗೆ ಸಣ್ಣದೊಂದು ಬೆಲೆ ಇಡಿ. ಮೊದಲ ವರ್ಷ ಅರ್ಧ ಕುರ್ಚಿ ಖಾಲಿ ಉಳಿದರೆ ಕಂಗೆಡಬೇಡಿ, ಎರಡನೆಯ ವರ್ಷವೂ ಅದೇ ದಿನಕ್ಕೆ ಅದನ್ನೇ ಮಾಡಿ. ಕಟ್ಟಡದ ಬಣ್ಣ, ಆಸನದ ಮೆತ್ತೆ, ಧ್ವನಿವರ್ಧಕದ ದರ್ಜೆ ಇವೆಲ್ಲ ಆಮೇಲೆ ಕೇಳಬೇಕಾದ ಪ್ರಶ್ನೆಗಳು. ಮುಂದಿನ ನಾಟಕ ಯಾವತ್ತು ಎಂಬುದಕ್ಕೆ ಉತ್ತರ ಇಲ್ಲದ ರಂಗಮಂದಿರಕ್ಕೆ ಬೇಕಾಗಿರುವುದು ದುರಸ್ತಿಯಲ್ಲ, ನಾಲ್ಕು ತಾರೀಕು.